ಘಟ್ಟದ ಎರಡು ಬದಿಯ ಮರದ ಸಂತರು

ಕುದುರೆಮುಖ ಬೆಟ್ಟಸಾಲಿನ ಪಡುವಣ ಬುಡದಲ್ಲಿ, ಕಾರ್ಕಳ ಪೇಟೆಯಿಂದ ಅಷ್ಟೇನೂ ದೂರವಿಲ್ಲದ ಅತ್ತೂರಿನ ಇಗರ್ಜಿಯಲ್ಲಿ ಸಂತ ಲಾರೆನ್ಸರ ಮರದ ಪ್ರತಿಮೆಯೊಂದಿದೆ. ಎತ್ತರ ಹೆಚ್ಚುಕಡಿಮೆ ಒಂದು ಅಡಿ. 1759ರಲ್ಲಿ ಸ್ಥಾಪನೆಯಾಯಿತೆನ್ನುವ ಈ ಇಗರ್ಜಿಗೆ 2016ರಲ್ಲಿ ಕಿರಿಯ ಬಸಿಲಿಕಾ ಎಂಬ ಮನ್ನಣೆ ದೊರೆಯಿತು. ಪ್ರತಿ ಜನವರಿಯ ಕೊನೆಯಲ್ಲಿ ನಡೆಯುವ ಅಲ್ಲಿನ ಸಾಂತ್‌ಮಾರಿ ಜಾತ್ರೆಗೆ ಕ್ರೈಸ್ತರಷ್ಟೇ ಅಲ್ಲ, ಬೇರೆ ಮತದವರೂ ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಹರಕೆ ಹೊತ್ತು ಬರುತ್ತಾರೆ. ಲಾರೆನ್ಸರು ಕ್ರಿ.ಶ. 258ರಲ್ಲಿ ರೋಮಿನಲ್ಲಿ ಮತಕ್ಕಾಗಿ ಪ್ರಾಣ ಕೊಟ್ಟ ಯುವ ಧರ್ಮಸೇವಕರು. ಕಾದ ಕಬ್ಬಿಣದ ಸರಳುಗಳ ಮೇಲೆ ಅವರನ್ನು ಸುಟ್ಟರೆಂಬುದು ಪರಂಪರೆಯ ಮಾತು. ಆದ್ದರಿಂದ ಜಗತ್ತಿನಲ್ಲಿ ಎಲ್ಲಿ ಅವರ ಮೂರ್ತಿ ಕೆತ್ತಿದರೂ ಸರಳುಗಳ ಆ ಚೌಕಟ್ಟು ಪಕ್ಕದಲ್ಲಿರುವುದು ವಾಡಿಕೆ.

ಇಷ್ಟು ದೊಡ್ಡ ಕ್ಷೇತ್ರಕ್ಕೆ ಇಷ್ಟು ಸಣ್ಣ ಮೂರ್ತಿ ಮೂಲವಾಗಿರುವುದು ಆಕಸ್ಮಿಕವಲ್ಲ. ಕರಾವಳಿ ಮತ್ತು ಮಲೆನಾಡಿನ ಕ್ಯಾಥೋಲಿಕ್ ಮರದ ಕೆತ್ತನೆಯಲ್ಲಿ ಕಾಲವನ್ನು ದಾಟಿ ಬಂದವು ಬಹುಮಟ್ಟಿಗೆ ಸಣ್ಣವೇ: ಬಟ್ಟೆಯಲ್ಲಿ ಸುತ್ತಿ ಒಯ್ಯಬಹುದಾದ, ಅಟ್ಟದ ಮೇಲೆ ಅಡಗಿಸಿಡಬಹುದಾದ, ಒಬ್ಬನೇ ಎತ್ತಬಹುದಾದ ಪ್ರತಿಮೆಗಳು. ಗೋಡೆಯಷ್ಟು ಎತ್ತರದ ಕೆತ್ತನೆಯ ಆಲ್ತಾರುಗಳು, ಅಂದರೆ ಪೂಜಾವೇದಿಕೆಗಳು, ಯುದ್ಧಕ್ಕೋ ಮಳೆಗೋ ಗೆದ್ದಲಿಗೋ ಬಲಿಯಾದವು. ಇವೆಲ್ಲವನ್ನೂ ಗೆದ್ದು ನಿಂತ ಕೆಲವು, ಹೊಸ ರುಚಿಯ ಪಾದ್ರಿಗಳ ಕೈಯಲ್ಲಿ ಹೋದವು.

ಈ ಕಲೆಯ ಮಟ್ಟಿಗೆ ಕುದುರೆಮುಖದ ನೆತ್ತಿ ಒಂದು ಗಡಿರೇಖೆ. ಪಡುವಣಕ್ಕೆ, ಅಂದರೆ ಕಾರ್ಕಳ, ಮೂಡುಬಿದಿರೆ, ಬೆಳ್ತಂಗಡಿ, ಮಂಗಳೂರಿನ ಕಡೆಗೆ, ಕ್ರೈಸ್ತ ಧರ್ಮ ಬಂದದ್ದು ಪೋರ್ಚುಗೀಸರ ಗೋವೆಯಿಂದ, ಕೊಂಕಣಿ ಮಾತಿನ ಜೊತೆಗೆ, ಮರದ ಸಂತರ ಜೊತೆಗೆ. ಮೂಡಣಕ್ಕೆ, ಅಂದರೆ ಕಳಸ, ಮೂಡಿಗೆರೆ, ಚಿಕ್ಕಮಗಳೂರಿನ ಕಡೆಗೆ, ಚರ್ಚಿನ ಆಡಳಿತ ಬಂದದ್ದು ಬಹಳ ತಡವಾಗಿ, ಮೈಸೂರು ಸೀಮೆಯ ಫ್ರೆಂಚ್ ಮಿಷನರಿಗಳ ಮೂಲಕ. ಅವರ ಕಾಲಕ್ಕೆ ಯುರೋಪಿನಲ್ಲಿ ಮರದ ಜಾಗವನ್ನು ಗಾರೆಯ ಅಚ್ಚು ಆಗಲೇ ಹಿಡಿದಿತ್ತು. ಎರಡನ್ನೂ ಬೆರೆಸಿದ್ದು ಕಾಫಿ ತೋಟಗಳ ಕೆಲಸ.

ಪೋರ್ಚುಗೀಸರು 16ನೆಯ ಶತಮಾನದಲ್ಲಿ ಕೆನರಾ ಕರಾವಳಿಯ ಬಂದರುಗಳಲ್ಲಿ ನೆಲೆಯೂರಿದರು. ಮಂಗಳೂರಿನ ರೊಸಾರಿಯೊ ಇಗರ್ಜಿಯ ಹುಟ್ಟು 1568ರದು. ಅದಕ್ಕೆ ಐದು ವರ್ಷ ಮೊದಲು, 1563ರ ಡಿಸೆಂಬರಿನಲ್ಲಿ, ಯುರೋಪಿನ ಟ್ರೆಂಟ್ ನಗರದಲ್ಲಿ ನಡೆದ ಧರ್ಮಮಹಾಸಭೆ ತನ್ನ ಕೊನೆಯ ಬೈಠಕ್ಕಿನಲ್ಲಿ ಪ್ರತಿಮೆಗಳ ವಿಷಯ ಇತ್ಯರ್ಥ ಮಾಡಿತ್ತು. ಪ್ರಾಟೆಸ್ಟೆಂಟರು ಮೂರ್ತಿಗಳನ್ನು ಒಡೆದು ಹಾಕುತ್ತಿದ್ದ ಕಾಲ ಅದು. ಮೂರ್ತಿಗೆ ಸಲ್ಲುವ ಗೌರವ ಮೂರ್ತಿ ಯಾರದೋ ಅವರಿಗೇ ಸಲ್ಲುತ್ತದೆ, ಆದ್ದರಿಂದ ಅವುಗಳನ್ನು ಇಟ್ಟುಕೊಳ್ಳಬೇಕು ಎಂದು ಕ್ಯಾಥೋಲಿಕರ ಸಭೆ ಸಾರಿತು. ಅಕ್ಷರ ಬಾರದವರಿಗೆ ಧರ್ಮ ಕಲಿಸಲು ಚಿತ್ರ ಮತ್ತು ಶಿಲ್ಪ ಬೇಕೆಂಬುದೂ ಅದರ ನಿಲುವು. ಗೋವೆಯಲ್ಲಿ ಇಗರ್ಜಿಗಳು ಸಾಲಾಗಿ ಏಳತೊಡಗಿದಾಗ ಮೂರ್ತಿಗಳ ಬೇಡಿಕೆ ಲಿಸ್ಬನ್ನಿನಿಂದ ಹಡಗಿನಲ್ಲಿ ತರಿಸಿ ಪೂರೈಸಬಹುದಾದ ಮಟ್ಟವನ್ನು ಬಹಳ ಬೇಗ ಮೀರಿತು.

ಕೆತ್ತುವವರು ಯಾರು? ಮರದ ಕೆಲಸ ಬಲ್ಲವರು ಸ್ಥಳೀಯ ಆಚಾರಿಗಳು, ದೇವಸ್ಥಾನದ ಬಾಗಿಲು, ಪಲ್ಲಕ್ಕಿ, ರಥ ಮಾಡಿ ಪಳಗಿದ ಮನೆತನಗಳು. ಅನ್ಯಮತದ ಕುಶಲಕರ್ಮಿಗಳು ಕ್ರೈಸ್ತ ಮೂರ್ತಿಗಳನ್ನೂ ಪೂಜಾಸಾಮಗ್ರಿಗಳನ್ನೂ ಮಾಡಬಾರದೆಂದು ಗೋವೆಯ ಸರಕಾರ ಮತ್ತು ಧರ್ಮಸಭೆಗಳು 16ನೆಯ ಶತಮಾನದ ಉತ್ತರಾರ್ಧದಲ್ಲಿ ಮತ್ತೆಮತ್ತೆ ಆಜ್ಞೆ ಹೊರಡಿಸಿದವು. ಒಂದೇ ಆಜ್ಞೆಯನ್ನು ಹಲವು ಸಲ ಹೊರಡಿಸಬೇಕಾಗಿ ಬಂತೆಂದರೆ ಅದನ್ನು ಯಾರೂ ಅಷ್ಟಾಗಿ ಪಾಲಿಸಲಿಲ್ಲವೆಂದೇ ತಿಳಿಯಬೇಕು. ಪಾದ್ರಿಗಳಿಗೆ ಮೂರ್ತಿ ಬೇಕಿತ್ತು, ಆಚಾರಿಗೆ ಕೂಲಿ ಬೇಕಿತ್ತು.

ಹೀಗೆ ಹುಟ್ಟಿದ ಶೈಲಿಯನ್ನು ಕಲಾ ಇತಿಹಾಸಕಾರರು ಇಂಡೋ-ಪೋರ್ಚುಗೀಸ್ ಎನ್ನುತ್ತಾರೆ. ಯುರೋಪಿನಿಂದ ಬಂದ ಮುದ್ರಿತ ಚಿತ್ರವನ್ನೋ ದಂತದ ಮಾದರಿಯನ್ನೋ ಮುಂದಿಟ್ಟುಕೊಂಡು ಕೆತ್ತಿದರೂ ಕೈ ತನಗೆ ರೂಢಿಯಾದ ದಾರಿಯನ್ನೇ ಹಿಡಿಯಿತು. ಮುಖ ಮೊಟ್ಟೆಯಾಕಾರದ್ದು, ಕಣ್ಣು ಬಾದಾಮಿಯಂತೆ ಉದ್ದ, ರೆಪ್ಪೆ ಅರೆಮುಚ್ಚಿದ್ದು. ಕೂದಲು ಒಂದರ ಪಕ್ಕ ಒಂದು ಗೆರೆ ಎಳೆದ ಹಾಗೆ. ಬಟ್ಟೆಯ ಮಡಿಕೆಗಳು ಗಾಳಿಗೆ ಹಾರುವುದಿಲ್ಲ, ಸಮಾನಾಂತರವಾಗಿ ಇಳಿಯುತ್ತವೆ. ಮೂರ್ತಿ ನೋಡುವವರಿಗೆ ನೇರ ಎದುರಾಗಿ ನಿಲ್ಲುತ್ತದೆ. ಯುರೋಪಿನ ಬರೋಕ್ ಶಿಲ್ಪದ ತಿರುವು, ಬಳುಕು ಅಲ್ಲಿಲ್ಲ. ಪೀಠದಲ್ಲಿ ಕಮಲದ ಎಸಳು ಸದ್ದಿಲ್ಲದೆ ಬಂದು ಕೂರುತ್ತದೆ. ಗೋವೆಯ ಹಲವು ಇಗರ್ಜಿಗಳ ಪ್ರವಚನ ಪೀಠಗಳನ್ನು ಕೆಳಗಿನಿಂದ ಹೊತ್ತು ನಿಂತ ಆಕೃತಿಗಳಿಗೆ ಸೊಂಟದ ಕೆಳಗೆ ನಾಗಕನ್ನಿಕೆಯ ಮೈ ಇದೆ. ದಂತದಲ್ಲಿ ಕೆತ್ತಿದ, ಬೆಟ್ಟದ ಮೇಲೆ ಕಣ್ಣು ಮುಚ್ಚಿ ಕೂತ ಬಾಲಕ ಕುರಿಗಾಹಿ ಯೇಸುವನ್ನು ಕಂಡವರಿಗೆ ಧ್ಯಾನಸ್ಥ ಬುದ್ಧನ ನೆನಪಾಗದೆ ಇರದು.

ಮತಾಂತರದ ಒತ್ತಡಕ್ಕೆ ಊರು ಬಿಟ್ಟ ಕೆತ್ತನೆಗಾರರ ಕಥೆಯೂ ಇದಕ್ಕೆ ಹೊಂದಿಕೊಂಡೇ ಇದೆ. ಕುಮಟಾ, ಹೊನ್ನಾವರ, ಸಾಗರ, ಸೊರಬದ ಗುಡಿಗಾರರು ತಮ್ಮ ಹಿರಿಯರು ಗೋವೆಯಿಂದ ಬಂದವರೆಂದು ನಂಬುತ್ತಾರೆ; ಬ್ರಿಟಿಷ್ ಕಾಲದ ಗ್ಯಾಸೆಟಿಯರುಗಳಲ್ಲೂ ಈ ನಂಬಿಕೆ ದಾಖಲಾಗಿದೆ. ಗಂಧದ ಕೆತ್ತನೆಗೆ ಹೆಸರಾದ ಈ ಕುಲದ ಉಳಿಯೂ ಗೋವೆಯ ಆಲ್ತಾರಿನ ಉಳಿಯೂ ಒಂದೇ ಗರಡಿಯಲ್ಲಿ ಪಳಗಿದವು ಎಂದು ಊಹಿಸುವುದು ಅತಿಶಯವಾಗಲಾರದು. ಬಳ್ಳಿ, ಹೂಗೊಂಚಲು, ಎಲೆಯ ಸುರುಳಿಗಳಲ್ಲಂತೂ ಹೋಲಿಕೆ ಕಣ್ಣಿಗೆ ಹೊಡೆಯುತ್ತದೆ.

ಮರದ ಆಯ್ಕೆ ಊರಿನ ಕಾಡನ್ನು ಅವಲಂಬಿಸಿತ್ತು. ಗೋವೆ ಮತ್ತು ಕೆನರಾಗಳಲ್ಲಿ ಆಲ್ತಾರಿಗೂ ದೊಡ್ಡ ಮೂರ್ತಿಗೂ ತೇಗವೇ ಮೊದಲ ಆಯ್ಕೆ, ಏಕೆಂದರೆ ಅದರ ಎಣ್ಣೆಯ ಅಂಶಕ್ಕೆ ಗೆದ್ದಲು ಬೇಗ ಬಾಯಿ ಹಾಕುವುದಿಲ್ಲ. ಹಲಸಿನ ಚೇಗು ಹಳದಿ ಬಣ್ಣದ್ದು, ಹುಳ ಹಿಡಿಯುವುದು ಕಡಿಮೆ, ಮನೆಯ ಹಿತ್ತಿಲಲ್ಲೇ ಸಿಗುವಂಥದ್ದು. ಶಿವನಿ ಹಗುರ, ಒಣಗಿದ ಮೇಲೆ ಸೊಟ್ಟಗಾಗುವುದು ಅಪರೂಪವಾದ್ದರಿಂದ ಸಣ್ಣ ಕೆಲಸಕ್ಕೆ ಒಳ್ಳೆಯದು. ಬೀಟೆ ಗಟ್ಟಿ, ಬಣ್ಣ ಬಳಿಯದೆ ಹಾಗೇ ಮೆರುಗು ಕೊಟ್ಟು ಶಿಲುಬೆ ಮತ್ತು ಪೀಠಗಳಿಗೆ ಬಳಸುವಂಥದ್ದು. ಹಸಿ ಮರದಲ್ಲಿ ಕೆತ್ತುವಂತಿಲ್ಲ. ಕಡಿದ ದಿಮ್ಮಿಯನ್ನು ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಲು ಬಿಡಬೇಕು, ಬಿಳಿಯ ಭಾಗವನ್ನು ಬಾಚಿಯಿಂದ ತೆಗೆದು ಚೇಗನ್ನು ಮಾತ್ರ ಉಳಿಸಿಕೊಳ್ಳಬೇಕು.

ಕೆತ್ತನೆಯ ಕ್ರಮ ಯುರೋಪಿನಲ್ಲೂ ಇಲ್ಲೂ ಹೆಚ್ಚು ಬೇರೆಯಲ್ಲ. ಮೊದಲು ಬಾಚಿಯಿಂದ ಒರಟು ಆಕಾರ, ಆಮೇಲೆ ಅಗಲ ಉಳಿಯಿಂದ ಬಟ್ಟೆಯ ಮಡಿಕೆ, ಕೊನೆಗೆ ಸಣ್ಣ ಉಳಿಯಿಂದ ಕಣ್ಣು, ತುಟಿ, ಬೆರಳು. ಆಳೆತ್ತರದ ಮೂರ್ತಿಯಾದರೆ ಬೆನ್ನಿನ ಕಡೆಯಿಂದ ಒಳಗನ್ನು ಟೊಳ್ಳು ಮಾಡುತ್ತಾರೆ. ಮರ ಒಣಗುತ್ತ ಹೊರಗಿನ ಪದರ ಒಳಗಿನದಕ್ಕಿಂತ ಬೇಗ ಕುಗ್ಗುತ್ತದೆ, ತಿರುಳು ಉಳಿದಿದ್ದರೆ ಮುಖದ ನಡುವೆಯೇ ಬಿರುಕು ಬಿಡಬಹುದು. ಟೊಳ್ಳು ಮಾಡಿದರೆ ಆ ಎಳೆತ ತಗ್ಗುತ್ತದೆ, ಮೆರವಣಿಗೆಯಲ್ಲಿ ಹೊರುವವರ ಹೆಗಲಿಗೂ ಭಾರ ಕಡಿಮೆ. ಗೋಡೆಗೆ ಆನಿಸಿ ನಿಲ್ಲುವ ಮೂರ್ತಿಗಳ ಬೆನ್ನು ಎಷ್ಟೋ ಸಲ ಕೆತ್ತನೆಯೇ ಇಲ್ಲದೆ ಬೋಳಾಗಿರುತ್ತದೆ. ಕೈ, ರೆಕ್ಕೆ, ಹಿಡಿದ ಪುಸ್ತಕ ಅಥವಾ ಶಿಲುಬೆಯನ್ನು ಬೇರೆಯಾಗಿ ಕೆತ್ತಿ ಮರದ ಮೊಳೆಯಿಂದ ಕೂಡಿಸುತ್ತಾರೆ. ಹಳೆಯ ಸಂತರ ಕೈಬೆರಳು, ಕೈ ಕಾಣೆಯಾಗಿರುವುದಕ್ಕೆ ಈ ಕೂಡಿಕೆಯೇ ಕಾರಣ.

ಮೂರ್ತಿಯ ಬರಿಯ ಮರವನ್ನು ಹಾಗೇ ಬಿಡುವ ಪದ್ಧತಿ ಈಚಿನದು. ಮರದ ಮೇಲೆ ಚರ್ಮ ಕಾಯಿಸಿ ತೆಗೆದ ಅಂಟಿನಲ್ಲಿ ಕಲಸಿದ ಸುಣ್ಣದ ಪುಡಿಯನ್ನು ಹಲವು ಪದರ ಬಳಿದು, ಉಜ್ಜಿ ನುಣುಪು ಮಾಡಿದರೆ ನೆಲ ಸಿದ್ಧ. ಚಿನ್ನ ಬರಬೇಕಾದ ಕಡೆ ಕೆಂಪು ಜೇಡಿಯ ತೆಳು ಲೇಪ, ಅದರ ಮೇಲೆ ಚಿನ್ನದ ರೇಕು. ನುಣುಪು ಕಲ್ಲಿನಿಂದ ತಿಕ್ಕಿದರೆ ಅದು ಎರಕದ ಲೋಹದಂತೆ ಹೊಳೆಯುತ್ತದೆ. ಮೈಬಣ್ಣವನ್ನು ಬೇರೆಯಾಗಿ, ತೆಳುವಾದ ಎಣ್ಣೆ ಬಣ್ಣದಲ್ಲಿ ತುಂಬುತ್ತಾರೆ. ಪೋರ್ಚುಗೀಸ್ ಲೋಕದ ದೊಡ್ಡ ಆಲ್ತಾರುಗಳಲ್ಲಿ ಸುರುಳಿ ಕಂಬ, ದ್ರಾಕ್ಷಿ ಬಳ್ಳಿ, ದೇವದೂತರ ಮುಖ, ಗೂಡುಗಳಲ್ಲಿ ನಿಂತ ಸಂತರು ಎಲ್ಲವೂ ಚಿನ್ನದಲ್ಲಿ ಅದ್ದಿದಂತಿರುತ್ತವೆ. ಹಳೆಯ ಗೋವೆಯ ಬೋಂ ಜೇಸು ಬಸಿಲಿಕಾದ ಮುಖ್ಯ ಆಲ್ತಾರು ಇದಕ್ಕೆ ಪ್ರಸಿದ್ಧ ಉದಾಹರಣೆ. ಕೆನರಾದ ಹಳ್ಳಿಯ ಇಗರ್ಜಿಗಳಿಗೆ ಅಷ್ಟು ಚಿನ್ನ ಎಟುಕುತ್ತಿರಲಿಲ್ಲ. ಅಂಥಲ್ಲಿ ಹಳದಿ ಬಣ್ಣವೇ ಚಿನ್ನದ ಕೆಲಸ ಮಾಡಿತು.

ಇವಲ್ಲದೆ ಇನ್ನೂ ಎರಡು ಬಗೆಯ ಮೂರ್ತಿಗಳಿದ್ದವು. ಒಂದರಲ್ಲಿ ಮುಖ ಮತ್ತು ಕೈ ಮಾತ್ರ ಕೆತ್ತನೆ, ಉಳಿದದ್ದು ಮರದ ಪಟ್ಟಿಗಳ ಚೌಕಟ್ಟು. ಅದರ ಮೇಲೆ ರೇಷ್ಮೆಯ ಉಡುಗೆ, ಕಿರೀಟ, ಭಕ್ತರು ಕೊಟ್ಟ ಒಡವೆ. ಮಾತೆ ಮರಿಯಮ್ಮನ ಮೆರವಣಿಗೆಯ ಮೂರ್ತಿಗಳು ಹೀಗೆ ಉಡುಗೆ ತೊಡುತ್ತಿದ್ದವು. ಇನ್ನೊಂದು ಶುಭ ಶುಕ್ರವಾರದ ಯೇಸು. ಭುಜದ ಕೀಲಿಗೆ ಚರ್ಮ ಹೊದಿಸಿ ತೋಳು ಮಡಚುವಂತೆ ಮಾಡಿದ್ದರಿಂದ ಶಿಲುಬೆಯ ಮೇಲೆ ತೋಳು ಚಾಚಿದ್ದ ಮೂರ್ತಿಯನ್ನೇ ಕೆಳಗಿಳಿಸಿ ಶವದಂತೆ ಮಲಗಿಸಿ ಪುರ್ಶಾಂವಿನಲ್ಲಿ, ಅಂದರೆ ಮೆರವಣಿಗೆಯಲ್ಲಿ ಒಯ್ಯಬಹುದಿತ್ತು. ಇವು ಬರೀ ನೋಡುವ ಶಿಲ್ಪಗಳಲ್ಲ. ಆಚರಣೆಯ ನಡುವೆ ಕೆಲಸ ಮಾಡುವ ಸಲಕರಣೆಗಳು.

ಅದೇ ಸೀಮೆಯಲ್ಲಿ ಮರದ ಇನ್ನೊಂದು ದೊಡ್ಡ ಪರಂಪರೆ ಭೂತಗಳದ್ದು. ಉಡುಪಿ ಜಿಲ್ಲೆಯ ಶಿರಿಯಾರದ ಬಳಿಯ ಮೆಕ್ಕೆಕಟ್ಟು ನಂದಿಕೇಶ್ವರ ದೇವಸ್ಥಾನದ ಮರದ ಉರುಗಳು, ಕೆಂಪು ಬಣ್ಣದ ಆಳೆತ್ತರದ ಆಕೃತಿಗಳು, ಇದರ ಪ್ರಸಿದ್ಧ ಮಾದರಿ. ಜೀರ್ಣವಾದ ಉರುವನ್ನು ತೆಗೆದು ಹೊಸದನ್ನು ಕೆತ್ತಿಸಿ ಕೂರಿಸುವುದು ಅಲ್ಲಿನ ಕ್ರಮ. ಹಾಗೆ ತೆಗೆದ ಹಳೆಯವು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯ ಸೇರಿವೆ. ಕ್ಯಾಥೋಲಿಕರು ಸಾಮಾನ್ಯವಾಗಿ ಮೂರ್ತಿ ಬದಲಿಸುವುದಿಲ್ಲ, ಮತ್ತೆ ಬಣ್ಣ ಬಳಿಯುತ್ತಾರೆ. ಹಬ್ಬದ ಮುಂಚೆ ಒಂದು ಕೈ ಬಣ್ಣ, ಹತ್ತು ವರ್ಷ ಕಳೆದು ಇನ್ನೊಂದು. ಇದರಿಂದ ಹಳೆಯ ಮರ ಉಳಿಯಿತು, ಹಳೆಯ ಮುಖ ಮಾತ್ರ ಬಣ್ಣದ ಅಡಿಯಲ್ಲಿ ಹೂತುಹೋಯಿತು. ಎಲ್ಲ ಮರದ ಕೆತ್ತನೆಯೂ ದೇವರಿಗೇ ಮೀಸಲಾಗಿರಲಿಲ್ಲ ಎಂಬುದಕ್ಕೆ ಮೂಡುಬಿದಿರೆಯ ಚೌಟರ ಅರಮನೆ ಸಾಕ್ಷಿ. ಒಂಬತ್ತು ಹೆಂಗಸರು ಕೂಡಿ ಆನೆಯಾದ ನವನಾರಿ ಕುಂಜರ, ಐವರು ಕೂಡಿ ಕುದುರೆಯಾದ ಪಂಚನಾರಿ ತುರಗ ಅಲ್ಲಿನ ಮರದ ಕಂಬಗಳಲ್ಲಿವೆ. ಇಂಥ ಕೆಲಸ ಬಲ್ಲವರಿದ್ದ ಸೀಮೆಗೆ ಸಂತರನ್ನು ಕೆತ್ತಲು ಹೊರಗಿನಿಂದ ಕೈ ಬರಬೇಕಾಗಿರಲಿಲ್ಲ. ಆದರೂ ಹಳೆಯ ಇಗರ್ಜಿಗಳು ಮೂರ್ತಿಗಾಗಿ ಗೋವೆಯ ಕಡೆಗೇ ನೋಡಿದವು, ಪಾದ್ರಿಗಳೂ ಪ್ರಾರ್ಥನೆಯ ಕ್ರಮವೂ ಅಲ್ಲಿಂದಲೇ ಬರುತ್ತಿದ್ದುದರಿಂದ.

ಕೆನರಾದಲ್ಲಿ ಕ್ಯಾಥೋಲಿಕರ ಸಂಖ್ಯೆ ಬೆಳೆದದ್ದು ಗೋವೆಯಿಂದ ಅಲೆಅಲೆಯಾಗಿ ಬಂದ ವಲಸೆಯಿಂದ. ಮತವಿಚಾರಣೆಯ (ಇನ್‌ಕ್ವಿಸಿಷನ್) ಭಯ, ಬರಗಾಲ, 1683ರ ಸುಮಾರಿಗೆ ಗೋವೆಯ ಮೇಲೆ ಬಿದ್ದ ಮರಾಠರ ದಾಳಿ, ಹೀಗೆ ಕಾರಣಗಳು ಬೇರೆಬೇರೆ. 1650ರ ದಶಕದಲ್ಲಿ ಕೆಳದಿಯ ಅರಸ ಶಿವಪ್ಪನಾಯಕ ಪೋರ್ಚುಗೀಸರ ಕೋಟೆಗಳನ್ನು ಕಿತ್ತುಕೊಂಡರೂ ಕೆಳದಿಯವರಿಗೆ ಬೇಸಾಯಗಾರರು ಬೇಕಿದ್ದರು, ಬಂದವರಿಗೆ ಭೂಮಿ ಸಿಕ್ಕಿತು. ಕೆಳದಿಯವರು ಪೋರ್ಚುಗೀಸರೊಂದಿಗೆ ಮಾಡಿಕೊಂಡ 1678ರ ಒಪ್ಪಂದ ಕರಾವಳಿಯ ಹಲವೆಡೆ ಇಗರ್ಜಿ ಕಟ್ಟಲು ದಾರಿ ಮಾಡಿತು. ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿಯ ಹುಟ್ಟು ಆ ಕಾಲದ್ದು. ಮಣ್ಣಿನ ಗೋಡೆ, ಹುಲ್ಲಿನ ಮಾಡು, ಒಳಗೆ ಗೋವೆಯಿಂದ ತಂದ ಮರದ ಮೂರ್ತಿ: ಆರಂಭದ ಹಳ್ಳಿ ಇಗರ್ಜಿಗಳಲ್ಲಿ ಬೆಲೆಬಾಳುವ ವಸ್ತುವೆಂದರೆ ಬಹುಶಃ ಅದೊಂದೇ.

1784ರಲ್ಲಿ ಟಿಪ್ಪು ಸುಲ್ತಾನ್ ಕೆನರಾದ ಕ್ಯಾಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಸಮುದಾಯದ ನೆನಪಿನಲ್ಲಿ ಆ ದಿನ ಫೆಬ್ರವರಿ 24, ಬೂದಿ ಬುಧವಾರ. ಸೆರೆಯಾದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ, ಹತ್ತಾರು ಸಾವಿರವೆಂಬುದರಲ್ಲಿ ಹೆಚ್ಚು ತಕರಾರಿಲ್ಲ. ನೆಲಸಮವಾದ ಇಗರ್ಜಿಗಳು 27 ಎಂಬುದು ಪ್ರಚಲಿತ ಲೆಕ್ಕ. ಮೂಡುಬಿದಿರೆಯ ಹೊಸ್ಪೆಟ್ ಪವಿತ್ರ ಶಿಲುಬೆಯ ಇಗರ್ಜಿ ಚೌಟ ಅರಸರ ಮಧ್ಯಸ್ಥಿಕೆಯಿಂದ ಉಳಿಯಿತು, ಫರಂಗಿಪೇಟೆಯ ಮೊಂತೆ ಮರಿಯಾನೊ ಕೂಡ ಉಳಿಯಿತು. ಮಿಕ್ಕ ಕಡೆ ಗೋಡೆಗೆ ಕೂಡಿಸಿದ್ದ ಕೆತ್ತನೆಯೆಲ್ಲ ಗೋಡೆಯೊಂದಿಗೇ ಹೋಯಿತು. 17ನೆಯ ಮತ್ತು 18ನೆಯ ಶತಮಾನದ ಪೂರ್ಣ ಆಲ್ತಾರುಗಳು ಗೋವೆಯಲ್ಲಿ ಹೇರಳವಾಗಿದ್ದು ದಕ್ಷಿಣ ಕನ್ನಡದಲ್ಲಿ ಅಪರೂಪವಾಗಿರುವುದಕ್ಕೆ ಇದೇ ಮುಖ್ಯ ಕಾರಣ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕಿ ಉಳಿದವರು ಮರಳಿದರು. ಅತ್ತೂರಿನ ಐತಿಹ್ಯ ಹುಟ್ಟಿಕೊಂಡಿರುವುದು ಇಲ್ಲಿ. ಇಗರ್ಜಿಗೆ ಹೊಸ ಜಾಗ ಹುಡುಕುತ್ತ ಜನ ಸಂತ ಲಾರೆನ್ಸರ ಸಣ್ಣ ಮೂರ್ತಿಯನ್ನು ಹೊತ್ತು ಹೊರಟರಂತೆ. ಪರ್ಪಲೆ ಗುಡ್ಡದ ಬುಡದಲ್ಲಿ ನೀರಿನ ಒರತೆ ಕಂಡು, ದಣಿವಾರಿಸಿಕೊಳ್ಳಲು ಮೂರ್ತಿಯನ್ನು ನೆಲಕ್ಕಿಟ್ಟರಂತೆ. ಮತ್ತೆ ಎತ್ತಲು ಹೋದರೆ ಅದು ಜಗ್ಗಲಿಲ್ಲ. ಇಲ್ಲೇ ಇಗರ್ಜಿ ಕಟ್ಟುತ್ತೇವೆಂದು ಹರಕೆ ಹೇಳಿಕೊಂಡ ಮೇಲೆ ಕೈಗೆ ಬಂತಂತೆ. ನೆಲಕ್ಕಿಟ್ಟ ದೇವರು ಕದಲದೆ ನಿಂತು ತನ್ನ ಜಾಗ ತಾನೇ ಆರಿಸಿಕೊಳ್ಳುವ ಈ ಕಥೆ ತುಳುನಾಡಿನ ದೇವಸ್ಥಾನಗಳಿಗೂ ಗೋಕರ್ಣದ ಆತ್ಮಲಿಂಗಕ್ಕೂ ಹೊಸದಲ್ಲ. ಇತಿಹಾಸವೆಂದು ಓದಿದರೆ ಅದರಲ್ಲಿ ಸಿಗುವುದು ಕಡಿಮೆ. ಮೂರ್ತಿಯ ಗಾತ್ರದ ಬಗ್ಗೆ ಮಾತ್ರ ಅದು ನಿಜವನ್ನೇ ಹೇಳುತ್ತದೆ. ಹೊತ್ತು ತಿರುಗಬಹುದಾದ ಮೂರ್ತಿಯ ಸುತ್ತ ಮಾತ್ರ ಇಂಥ ಕಥೆ ಕಟ್ಟಬಹುದು.

19ನೆಯ ಶತಮಾನದಲ್ಲಿ ಇಗರ್ಜಿಗಳು ಮತ್ತೆ ಎದ್ದವು. ಮೊದಲು ಹುಲ್ಲಿನ ಮಾಡು, ಆಮೇಲೆ ಹೆಂಚು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿತು. ಪ್ರಾಟೆಸ್ಟೆಂಟರಾದ ಅವರು ಒಬ್ಬ ಸಂತನ ಮೂರ್ತಿಯನ್ನೂ ಕೆತ್ತಲಿಲ್ಲ, ಆದರೆ ಅವರು ಸುಟ್ಟ ಹೆಂಚಿನ ಕೆಳಗೆ ಕ್ಯಾಥೋಲಿಕ್ ಸಂತರು ಮಳೆಯಲ್ಲಿ ನೆನೆಯದೆ ನಿಂತರು. 1878ರ ಕೊನೆಯ ದಿನ ಇಟಲಿಯ ಜೆಸುಯಿಟರು ಮಂಗಳೂರಿಗೆ ಬಂದಿಳಿದರು. ಕಾಲೇಜು, ಆಸ್ಪತ್ರೆ, ಮುದ್ರಣಾಲಯಗಳ ಜೊತೆಗೆ ಜೆಪ್ಪುವಿನಲ್ಲಿ ಸಂತ ಜೋಸೆಫರ ಅನಾಥಾಲಯಕ್ಕೆ ಹೊಂದಿಕೊಂಡ ಕೈಗಾರಿಕಾ ವರ್ಕ್‌ಶಾಪನ್ನೂ ನಡೆಸಿದರು. ಬಡಗಿ ಕೆಲಸ, ಲೋಹದ ಕೆಲಸಗಳ ಪಕ್ಕದಲ್ಲಿ ಮೂರ್ತಿ ಕೆತ್ತನೆಯೂ ಅಲ್ಲಿ ಒಂದು ವಿಭಾಗವಾಯಿತು. ಜೆಪ್ಪುವಿನ ಮರದ ಸಂತರು, ಆಲ್ತಾರುಗಳು ಕೆನರಾ ದಾಟಿ ದೂರದ ಇಗರ್ಜಿಗಳಿಗೂ ಹೋದವು.

ಇದರೊಂದಿಗೆ ಕೆಲಸದ ಸ್ವರೂಪವೇ ಬದಲಾಯಿತು. ಮುಂಚೆ ಕೆತ್ತನೆ ಮನೆತನದ ವಿದ್ಯೆ, ಅಪ್ಪನಿಂದ ಮಗನಿಗೆ ಬರುವಂಥದ್ದು. ಜೆಪ್ಪುವಿನಲ್ಲಿ ಅದು ಅನಾಥ ಹುಡುಗರಿಗೆ, ಹೊಸದಾಗಿ ಮತಕ್ಕೆ ಬಂದವರಿಗೆ ಕಲಿಸುವ ಕಸುಬು. ಶೈಲಿಯೂ ಗೋವೆಯದಾಗಿ ಉಳಿಯಲಿಲ್ಲ. ಮುಂದಿದ್ದ ಮಾದರಿಗಳು ಇಟಲಿಯವು: ಗುಂಡು ಕೆನ್ನೆ, ಮೇಲಕ್ಕೆ ನೋಡುವ ಕಣ್ಣು, ಮೃದುವಾಗಿ ಇಳಿಬಿದ್ದ ನೀಲಿ ಮೇಲುಡುಗೆ. 1899ರಿಂದ 1901ರವರೆಗೆ ಅಂತೋನಿಯೊ ಮೊಸ್ಕೆನಿ ಎಂಬ ಜೆಸುಯಿಟ್ ಸಹೋದರ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಗೋಡೆ, ಮಾಡುಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ಆ ಚಿತ್ರಗಳನ್ನು ನೋಡಿ ಬೆಳೆದ ತಲೆಮಾರಿಗೆ ಹಳೆಯ ಗೋವೆಯ ನೆಟ್ಟಗೆ ನಿಂತ ಸಂತರು ಒರಟಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಯುರೋಪಿನಲ್ಲೂ ಮರದ ಸಂತರ ಕಸುಬು ಇದೇ ಹಂತದಲ್ಲಿತ್ತು. ಆಲ್ಪ್ಸ್ ಪರ್ವತದ ಗಾರ್ದೇನಾ ಕಣಿವೆಯಲ್ಲಿ 17ನೆಯ ಶತಮಾನದಿಂದ ರೈತರು ಚಳಿಗಾಲದ ಬಿಡುವಿನಲ್ಲಿ ಪೈನ್ ಮರದಲ್ಲಿ ಗೊಂಬೆ, ಸಂತರನ್ನು ಕೆತ್ತುತ್ತಿದ್ದರು. 19ನೆಯ ಶತಮಾನದಲ್ಲಿ ಅದು ಕಾರ್ಯಾಗಾರಗಳ ಉದ್ಯಮವಾಗಿ ಜಗತ್ತಿನ ಇಗರ್ಜಿಗಳಿಗೆಲ್ಲ ಮೂರ್ತಿ ಕಳಿಸತೊಡಗಿತು. ಪ್ಯಾರಿಸಿನ ಸಾಂ ಸುಲ್ಪಿಸ್ ಬೀದಿಯ ಅಂಗಡಿಗಳಲ್ಲಿ ಇನ್ನೂ ಅಗ್ಗದ ವಸ್ತು ಸಿದ್ಧವಾಗಿತ್ತು: ಅಚ್ಚಿನಲ್ಲಿ ಎರೆದ, ಬಣ್ಣ ಬಳಿದ ಗಾರೆಯ ಮೂರ್ತಿ. ಒಂದೇ ಅಚ್ಚಿನಿಂದ ಬೇಕಾದಷ್ಟು ಜೋಸೆಫರು, ಅಂತೋನಿಯರು ಹೊರಬರಬಹುದಿತ್ತು. ಗಾರೆಗೆ ಗೆದ್ದಲು ಹಿಡಿಯುವುದಿಲ್ಲ ಎಂಬುದು ಮಲೆನಾಡಿನಂಥ ಕಡೆ ಸಣ್ಣ ಗುಣವೇನಲ್ಲ.

ಘಟ್ಟದ ಮೇಲಿನ ಚರಿತ್ರೆ ಕಾಫಿಯೊಂದಿಗೆ ಶುರುವಾಗುತ್ತದೆ. 19ನೆಯ ಶತಮಾನದಲ್ಲಿ ಯುರೋಪಿಯನ್ ಪ್ಲಾಂಟರುಗಳು ಚಿಕ್ಕಮಗಳೂರು, ಮೂಡಿಗೆರೆ ಕಡೆ ಕಾಡು ಸವರಿ ತೋಟ ಮಾಡಿದಾಗ ಆಳುಗಳು ಬಂದದ್ದು ಹೆಚ್ಚಾಗಿ ಘಟ್ಟದ ಕೆಳಗಿನಿಂದ, ಆಮೇಲೆ ತಮಿಳು ಸೀಮೆಯಿಂದಲೂ. ಮಂಗಳೂರು ಕಡೆಯ ಕ್ಯಾಥೋಲಿಕರು ಕೂಲಿಗಳಾಗಿ, ಮೇಸ್ತ್ರಿಗಳಾಗಿ, ಲೆಕ್ಕ ಬರೆಯುವ ರೈಟರುಗಳಾಗಿ, ಕಾಲಕ್ರಮದಲ್ಲಿ ತೋಟದ ಒಡೆಯರಾಗಿಯೂ ಮೇಲೆ ಹತ್ತಿದರು. ಆದರೆ ಈ ಸೀಮೆ ಮೈಸೂರು ಸಂಸ್ಥಾನದ್ದು; ಧರ್ಮದ ಆಡಳಿತ ಪ್ಯಾರಿಸಿನ ವಿದೇಶಿ ಮಿಷನ್ ಸಂಸ್ಥೆಯ ಫ್ರೆಂಚ್ ಪಾದ್ರಿಗಳ ಕೈಯಲ್ಲಿತ್ತು. ಹಾಗಾಗಿ ಇಗರ್ಜಿಯ ಒಳಗೆ ಫ್ರೆಂಚರ ರುಚಿ, ಕೂಲಿಗಳ ಲೈನು ಮನೆಗಳ ಒಳಗೆ ಕೊಂಕಣಿಯ ಆಲ್ತಾರು.

ಈ ಮನೆಯ ಆಲ್ತಾರು ಜನಪದ ಕೆತ್ತನೆಯ ನಿಜವಾದ ನೆಲೆ. ಗೋಡೆಗೆ ಹೊಡೆದ ಹಲಗೆ ಅಥವಾ ಸಣ್ಣ ಬಾಗಿಲಿನ ಮರದ ಗೂಡು, ನಡುವೆ ಶಿಲುಬೆ, ಪಕ್ಕದಲ್ಲಿ ಸಾಯ್ಬಿಣ್, ಅಂದರೆ ಮಾತೆ ಮರಿಯಮ್ಮ, ಇನ್ನೊಂದು ಪಕ್ಕ ಮನೆತನ ನಂಬಿದ ಸಂತ. ಸಂಜೆ ದೀಪ ಹಚ್ಚಿ ಮನೆಯವರೆಲ್ಲ ಮೊಣಕಾಲೂರಿ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ ಹೇಳುವುದು ಇದರ ಮುಂದೆ. ಕಾಡಿನಂಚಿನ ತೋಟದಿಂದ ಇಗರ್ಜಿಗೆ ಹೋಗಿಬರುವುದೇ ಇಡೀ ದಿನದ ಕೆಲಸವಾಗಿದ್ದ ಕಾಲದಲ್ಲಿ ಧರ್ಮ ಉಳಿದದ್ದು ಈ ಹಲಗೆಯ ಮುಂದೆ. ಗೂಡು ಮಾಡುತ್ತಿದ್ದವನು ಊರಿನ ಆಚಾರಿ, ತೊಟ್ಟಿಲನ್ನೂ ನೇಗಿಲನ್ನೂ ಮಾಡುವವನೇ. ಆದ್ದರಿಂದ ಅದರ ಕಮಾನು, ಹೂಬಳ್ಳಿಗಳು ಪಕ್ಕದ ಮನೆಯ ದೇವರ ಮಂಟಪದವೇ ಆಗಿದ್ದರೆ ಯಾರಿಗೂ ವಿಚಿತ್ರವೆನಿಸುತ್ತಿರಲಿಲ್ಲ. 20ನೆಯ ಶತಮಾನ ನಡೆಯುತ್ತಿದ್ದಂತೆ ಕನ್ನಡಿ ಹಾಕಿದ ಬಣ್ಣದ ಪಟಗಳು ಬಂದವು, ಯೇಸುವಿನ ಪವಿತ್ರ ಹೃದಯದ ಪಟ ಮನೆಮನೆಯ ಗೋಡೆಗೇರಿತು. ಮರದ ಮೂರ್ತಿಗಳು ಒಡೆದ ಕೈಯೊಂದಿಗೆ ಅಟ್ಟ ಸೇರಿದವು. ಒಲೆಯ ಹೊಗೆ ಏರುವ ಅಟ್ಟದಲ್ಲಿ ಹುಳದ ಕಾಟ ಕಡಿಮೆಯಾದ್ದರಿಂದ, ಮರೆತಿಟ್ಟವೇ ಎಷ್ಟೋ ಕಡೆ ಚೆನ್ನಾಗಿ ಉಳಿದವು.

ಕುದುರೆಮುಖದ ಸುತ್ತ ವರ್ಷಕ್ಕೆ 6,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಇಂಥಲ್ಲಿ ಮರಕ್ಕೆ ಮೊದಲ ಶತ್ರು ನೀರಲ್ಲ, ತೇವ. ತೇವಕ್ಕೆ ಬೂಷ್ಟು, ಬೂಷ್ಟಿನ ಹಿಂದೆ ಕುಟ್ಟೆ ಹುಳ, ನೆಲದ ಸೋಂಕಿದ್ದರೆ ಗೆದ್ದಲು. ಸುಣ್ಣದ ನೆಲ ತೇವ ಕುಡಿದು ಊದಿಕೊಂಡರೆ ಬಣ್ಣ ಹಕ್ಕಳೆಯಾಗಿ ಏಳುತ್ತದೆ. ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು ಕರಾವಳಿಯಲ್ಲಿ ಮನೆಯ ಮರಮುಟ್ಟಿಗೂ ದೋಣಿಗೂ ರೂಢಿಯಿದ್ದ ರಕ್ಷಣೆ. ಗೇರು ಮರ ಈ ನೆಲಕ್ಕೆ ಬಂದದ್ದೂ ಸಂತರನ್ನು ತಂದ ಪೋರ್ಚುಗೀಸರಿಂದಲೇ. ಆದರೆ ಆ ಕಪ್ಪು ಎಣ್ಣೆಯನ್ನು ಮೂರ್ತಿಯ ಮುಖಕ್ಕೆ ಬಳಿಯುವಂತಿಲ್ಲ. ಸುಮಾರು 1,890 ಮೀಟರ್ ಎತ್ತರದ ಕುದುರೆಮುಖ ಶಿಖರಕ್ಕೆ ಹತ್ತುವ ದಾರಿಯಲ್ಲಿ ಲೋಬೋ ಮನೆ ಎಂದು ಕರೆಯುವ ಪಾಳು ಮನೆಯೊಂದಿದೆ, ಮೇಲೆ ಹಳೆಯ ಇಗರ್ಜಿಯೊಂದರ ಕಲ್ಲುಗೋಡೆಗಳಿವೆ. ಗೋಡೆ ನಿಂತಿದೆ, ಬಾಗಿಲಾಗಲಿ, ಮಾಡಿನ ತೊಲೆಯಾಗಲಿ ಉಳಿದಿಲ್ಲ.

1963 ಈ ಕಥೆಯಲ್ಲಿ ಮುಖ್ಯವಾದ ವರ್ಷ. ಆ ನವೆಂಬರ್ 16ರಂದು ಮೈಸೂರು ಧರ್ಮಕ್ಷೇತ್ರದಿಂದ ಬೇರ್ಪಡಿಸಿ ಚಿಕ್ಕಮಗಳೂರು ಧರ್ಮಕ್ಷೇತ್ರವನ್ನು ರಚಿಸಲಾಯಿತು. ಮೂರು ವಾರವೂ ಕಳೆಯುವ ಮುನ್ನ, ಡಿಸೆಂಬರ್ 4ರಂದು, ಎರಡನೆಯ ವ್ಯಾಟಿಕನ್ ಮಹಾಸಭೆ ಪೂಜಾವಿಧಿಯ ಕುರಿತ ತನ್ನ ಶಾಸನವನ್ನು ಹೊರಡಿಸಿತು. ಪ್ರತಿಮೆಗಳನ್ನು ಎತ್ತಿಹಿಡಿದ ಟ್ರೆಂಟ್ ಸಭೆ ಮುಗಿದು ಅಂದಿಗೆ ಸರಿಯಾಗಿ 400 ವರ್ಷ. ಪ್ರತಿಮೆಗಳನ್ನು ಇಡುವ ಪದ್ಧತಿ ಮುಂದುವರಿಯಲಿ, ಆದರೆ ಅವು ಮಿತವಾಗಿರಲಿ ಎಂದು ಹೊಸ ಶಾಸನ ಹೇಳಿತು. ಚರ್ಚಿಗೆ ತನ್ನದೇ ಎಂಬ ಒಂದು ಶೈಲಿಯಿಲ್ಲ, ಎಲ್ಲ ಜನಾಂಗಗಳ ಕಲೆಗೂ ಜಾಗವಿದೆ ಎಂದೂ ಹೇಳಿತು. ಬೆಲೆಯುಳ್ಳ ಹಳೆಯ ವಸ್ತುಗಳನ್ನು ವಿಲೇವಾರಿ ಮಾಡಬಾರದೆಂದು ಎಚ್ಚರಿಸಿತು ಕೂಡ. ಮೂರನೆಯ ಮಾತನ್ನು ಕೇಳಿಸಿಕೊಂಡವರು ಕಡಿಮೆ. ಪಾದ್ರಿ ಜನರಿಗೆ ಮುಖ ಮಾಡಿ ಪೂಜೆ ಅರ್ಪಿಸುವ ಕ್ರಮ ಬಂದಾಗ ಗೋಡೆಗೆ ಆನಿಸಿದ್ದ ಕೆತ್ತನೆಯ ಆಲ್ತಾರು ನಿರುಪಯೋಗಿಯಾಗಿ ಕಂಡಿತು. ಕರಾವಳಿಯ ಇಗರ್ಜಿಗಳಲ್ಲಿ ತೆಗೆಯಲು ಹಳೆಯದೇನಾದರೂ ಇತ್ತು. ಘಟ್ಟದ ಮೇಲೆ ಹೊಸ ಧರ್ಮಕ್ಷೇತ್ರ ಕಟ್ಟಿಕೊಂಡ ಇಗರ್ಜಿಗಳು ಹುಟ್ಟುವಾಗಲೇ ಸರಳ: ಕಾಂಕ್ರೀಟ್ ಗೋಡೆ, ಒಂದು ದೊಡ್ಡ ಶಿಲುಬೆ, ಎರಡೋ ಮೂರೋ ಮೂರ್ತಿ.

ಎರಡನೆಯ ಮಾತಿಗೆ ಕರ್ನಾಟಕದಲ್ಲಿ ಉತ್ತರ ಬಂದದ್ದು ಬೆಂಗಳೂರಿನಿಂದ. 1967ರಲ್ಲಿ ಆರಂಭವಾದ ರಾಷ್ಟ್ರೀಯ ಧರ್ಮಬೋಧನಾ ಮತ್ತು ಪೂಜಾವಿಧಿ ಕೇಂದ್ರ ಭಾರತೀಯ ರೂಪದ ಪ್ರಾರ್ಥನಾಲಯ, ದೀಪ, ಚಿತ್ರಗಳನ್ನು ಪ್ರಯೋಗಕ್ಕೆ ತಂದಿತು. ಸಿಲ್ವೆಪುರದಲ್ಲಿ ನೆಲೆಸಿದ ಕಲಾವಿದ ಜ್ಯೋತಿ ಸಾಹಿ ದೇಶೀಯ ಕ್ರೈಸ್ತ ಕಲೆಗೆ ಹೆಸರಾದರು. ಇದೆಲ್ಲ ಓದಿದ ಕಲಾವಿದರು ವಿಚಾರ ಮಾಡಿ ತಂದ ಭಾರತೀಯತೆ. ಗೋವೆಯ ಆಚಾರಿ ಮೂರು ಶತಮಾನ ಮೊದಲು ಕಮಲದ ಪೀಠ ಕೆತ್ತಿದಾಗ ಹೀಗೆ ಯಾವ ವಿಚಾರವನ್ನೂ ಮಾಡಿರಲಾರ, ಅವನಿಗೆ ಪೀಠವೆಂದರೆ ಕಮಲವೇ ಆಗಿತ್ತು.

ಈಗ ಮೂರ್ತಿಗೆ ಮರ ಹುಡುಕುವುದೂ ಸುಲಭವಲ್ಲ. ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ತೇಗ, ಬೀಟೆ, ಶ್ರೀಗಂಧಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಹಲಸು, ಹೆಬ್ಬಲಸು, ಶಿವನಿ ಇನ್ನೂ ತೋಟಗಳಲ್ಲಿ ಸಿಗುತ್ತವೆ. ಹೊಸ ಮೂರ್ತಿಗಳು ಬಹುಪಾಲು ಫೈಬರಿನವು, ಹಗುರ, ಅಗ್ಗ, ಮೆರವಣಿಗೆಗೆ ಅನುಕೂಲ. ಹಾಗೆಂದು ಕೆತ್ತನೆಯ ವಿದ್ಯೆ ಈ ಸೀಮೆಯಿಂದ ಹೋಗಿಲ್ಲ. ಕಾರ್ಕಳ ಬಳಿಯ ಮಿಯಾರಿನಲ್ಲಿ ಸಿ. ಇ. ಕಾಮತ್ ಕುಶಲಕರ್ಮಿಗಳ ತರಬೇತಿ ಸಂಸ್ಥೆ ಯುವಕರಿಗೆ ಕಲ್ಲು, ಲೋಹದ ಜೊತೆ ಮರದ ಕೆತ್ತನೆಯನ್ನೂ ಕಲಿಸುತ್ತದೆ. ಅಲ್ಲಿನ ಪಾಠ ದೇವಸ್ಥಾನ ಶಿಲ್ಪದ ಪರಂಪರೆಯದು. ಅಳತೆ, ಉಳಿ, ಮರ ಸಂತನಿಗೂ ಅವೇ.

ಉಳಿದಿರುವ ಹಳೆಯ ಮೂರ್ತಿಗಳಿಗೆ ಇಂದಿನ ದೊಡ್ಡ ಅಪಾಯ ಭಕ್ತಿಯೇ. ಹಬ್ಬಕ್ಕೆ ಹೊಸ ಕಳೆ ಬರಲೆಂದು ಹಳೆಯ ಪದರಗಳನ್ನು ಕೆರೆದು ಎನಾಮಲ್ ಬಣ್ಣ ಹೊಡೆದರೆ ಕೆಳಗಿನ ಚಿನ್ನದ ರೇಕು, ಸುಣ್ಣದ ನೆಲ ಎಲ್ಲ ಹೋಗುತ್ತದೆ. ಮೂರ್ತಿ ಯಾವ ಕಾಲದ್ದು, ಎಲ್ಲಿಯದು ಎಂದು ಹೇಳಬಲ್ಲ ಗುರುತುಗಳೂ ಹೋಗುತ್ತವೆ. ಗೋವೆಯಲ್ಲಿ 1994ರಲ್ಲಿ ರಾಶೋಲಿನಲ್ಲಿ ಆರಂಭವಾಗಿ 2002ರಲ್ಲಿ ಹಳೆಯ ಗೋವೆಯ ಸಾಂತಾ ಮೋನಿಕಾ ಮಠಕ್ಕೆ ಬಂದ ಕ್ರೈಸ್ತ ಕಲಾ ವಸ್ತುಸಂಗ್ರಹಾಲಯ ಇಗರ್ಜಿಗಳ ಹಳೆಯ ಮೂರ್ತಿಗಳನ್ನು ಕಲೆಹಾಕಿ ರಕ್ಷಿಸುತ್ತಿದೆ. ಸಂರಕ್ಷಣೆ ಬಲ್ಲವರು ಅನುಸರಿಸುವ ಕ್ರಮ ನಿಧಾನದ್ದು: ಮೊದಲು ಹುಳವನ್ನು ಕೊಲ್ಲುವುದು, ಏಳುತ್ತಿರುವ ಬಣ್ಣದ ಹಕ್ಕಳೆಯನ್ನು ಅಂಟಿನಿಂದ ಮತ್ತೆ ಕೂರಿಸುವುದು, ಮೇಲಿನ ಪದರ ತೆಗೆಯುವುದಾದರೆ ಸಣ್ಣ ಕಿಟಕಿಯಷ್ಟು ಜಾಗದಲ್ಲಿ ಪರೀಕ್ಷಿಸಿ ನೋಡಿ ಮುಂದುವರಿಯುವುದು, ಹೋದ ಕೈಬೆರಳನ್ನು ಊಹೆಯಿಂದ ಕೆತ್ತಿ ಕೂಡಿಸದೆ ಬಿಡುವುದು. ದಿನವೂ ಪೂಜೆಗೊಳ್ಳುವ ಮೂರ್ತಿಯಲ್ಲಿ ಈ ಕೊನೆಯ ನಿಯಮವನ್ನು ಪಾಲಿಸುವುದು ಕಷ್ಟ. ಬೆರಳಿಲ್ಲದ ಸಂತನನ್ನು ಹಬ್ಬದ ದಿನ ಹೊರಗೆ ತರಲು ಊರವರು ಒಪ್ಪುವುದಿಲ್ಲ. ಅಂಥಲ್ಲಿ ಹಳೆಯದನ್ನು ಒಳಗೆ ಗಾಜಿನ ಗೂಡಿನಲ್ಲಿಟ್ಟು, ಅದರ ಪ್ರತಿಯನ್ನು ಕೆತ್ತಿಸಿ ಮೆರವಣಿಗೆಗೆ ಬಳಸುವ ದಾರಿಯಿದೆ.